ರೊಕ್ಕ ನಡೆಯಬೇಕು

ಶಹಾಪುರ, ವಡಗಾಂವ, ಖಾಸಬಾಗದ ನೇಕಾರ ಬಂಧುಗಳೇ, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಕ್ಕಂದಿರೇ, ಖಾನಾಪುರದ ಕಾಡಂಚಿನ ಊರುಗಳಿಂದ ಬಸ್ಸು ಹಿಡಿದು ಬಂದ ಹಿರಿಯರೇ,

ಈ ಸಮಾವೇಶದ ಅಧ್ಯಕ್ಷತೆಗೆ ನಾನು ಒಪ್ಪಿದ್ದು ಒಂದು ಮಾತು ಹೇಳುವುದಕ್ಕಾಗಿ. ಫೋನಿನಲ್ಲಿ ಹಣ ಕೊಡುವವರು ಕೊಡಲಿ. ಆದರೆ ಬಡವರು ಕೈಯಲ್ಲಿ ಹಿಡಿದು ತಂದ ರೊಕ್ಕವನ್ನು ಯಾವ ಕೌಂಟರಿನಲ್ಲೂ ವಾಪಸು ಕಳಿಸಕೂಡದು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ. 86ರಷ್ಟು ಅವೇ ಆಗಿದ್ದವು. ಮಗ್ಗದ ಮನೆಯಲ್ಲಿ ಸೀರೆ ಒಪ್ಪಿಸಿದ ಮೇಲೆ ಮಜೂರಿ ಬರಬೇಕು, ಅದರಲ್ಲೇ ಸಂತೆ ಆಗಬೇಕು, ಕಿರಾಣಿ ಅಂಗಡಿಯ ಉದ್ರಿ ತೀರಬೇಕು. ಇಂಥ ಮನೆಗೆ ಬಟವಡೆ ತಪ್ಪಿದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ರದ್ದಾದ ನೋಟುಗಳಲ್ಲಿ ಶೇ. 99.3ರಷ್ಟು ಬ್ಯಾಂಕಿಗೆ ಮರಳಿದವೆಂದು 2018ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ಕಪ್ಪುಹಣದ ಮಾತು ಅಲ್ಲಿಗೆ ಮುಗಿಯಿತು. ನಗದಿಲ್ಲದ ವ್ಯವಹಾರದ ಒತ್ತಾಯ ಮಾತ್ರ ಉಳಿಯಿತು.

ಆ ಒತ್ತಾಯ ಹೇಗಿರುತ್ತದೆ ನೋಡಿ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ತೆಗೆಯಲು ಬಂದ ಅಜ್ಜಿ ಆಧಾರ್ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಹೊಂದುವುದಿಲ್ಲ. ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಾಳೆ, ಆಮೇಲೆ ತೋರುಬೆರಳು. ಕಂಡಿಕೆ ಸುತ್ತಿ, ಎಳೆ ಕಟ್ಟಿ ಗೆರೆಗಳೇ ಸವೆದುಹೋಗಿವೆ. ‘ನಾಳೆ ಬಾ ಅಜ್ಜಿ’ ಎನ್ನುತ್ತಾರೆ. ಜನ್ಮವೆಲ್ಲ ದುಡಿದದ್ದಕ್ಕೆ ಸಾಕ್ಷಿಯಾದ ಬೆರಳೇ ಅವಳ ಗುರುತಿಗೆ ಸಾಕ್ಷಿ ಹೇಳದ ಹಾಗಾಯಿತು!

ಹೆಣ್ಣುಮಕ್ಕಳ ಮಾತು ಇನ್ನೂ ಸೂಕ್ಷ್ಮ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬರುತ್ತಿದೆ. ಅದು ದೊಡ್ಡ ಹೆಜ್ಜೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮನೆಗೊಂದೇ ಫೋನು, ಅದೂ ಗಂಡನ ಜೇಬಿನಲ್ಲಿದ್ದರೆ ಮೆಸೇಜು ಮೊದಲು ಓದುವವನು ಅವನು. ಡಬ್ಬಿಯ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಇಟ್ಟ ನೋಟಿಗೆ ಅಂಥ ಕಾವಲಿರಲಿಲ್ಲ. ಕುಡುಕನ ಕಣ್ಣು ತಪ್ಪಿಸಿ ಮಕ್ಕಳ ಶಾಲೆ ನಡೆಸಿದ ತಾಯಂದಿರು ಈ ಸಭೆಯಲ್ಲೇ ಇದ್ದಾರೆ.

ಇನ್ನು ಭೀಮಗಡ ಅರಣ್ಯದೊಳಗಿನ ಊರುಗಳು. ಮಳೆಗಾಲದಲ್ಲಿ ದಾರಿಯೇ ಕಡಿಯುವ ಕಡೆ ನೆಟ್‌ವರ್ಕನ್ನು ನಂಬಿ ವ್ಯವಹಾರ ಮಾಡಿ ಎನ್ನುವುದು ಯಾವ ನ್ಯಾಯ?

ವ್ಯಾಪಾರಿಗಳ ಪಾಡೂ ಅಷ್ಟೇ. ಯುಪಿಐ ಹಾಕಿಸಿಕೊಳ್ಳಿ ಎಂದು ಹುರಿದುಂಬಿಸಿದ ಮೇಲೆ, 2025ರ ಜುಲೈನಲ್ಲಿ ಅದೇ ಲೆಕ್ಕ ಹಿಡಿದು ಕರ್ನಾಟಕದ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸು ಬಂದವು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಹರಿದು ‘ನಗದು ಮಾತ್ರ’ ಎಂಬ ಫಲಕ ಎದ್ದಿತು.

ನಗದು ಬಳಕೆ ಬಹುವಾಗಿ ಇಳಿದಿರುವ ನಾರ್ವೆಯಲ್ಲೂ 2024ರ ಅಕ್ಟೋಬರ್ 1ರಿಂದ, ಅಂಗಡಿಗಳು ನಗದು ತೆಗೆದುಕೊಳ್ಳಲೇಬೇಕೆಂಬ ನಿಯಮ ಬಿಗಿಯಾಗಿದೆ. ನಮ್ಮ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮೂ ನೋಟನ್ನು ಕಾನೂನುಬದ್ಧ ಹಣವೆಂದೇ ಹೇಳುತ್ತದೆ. ಆ ಕಲಮನ್ನು ಕೌಂಟರಿನವರೆಗೆ ತರುವ ಕೆಲಸ ನಮ್ಮದು.

ಮಧ್ಯಾಹ್ನದ ಗೋಷ್ಠಿಯಲ್ಲಿ ಠರಾವು ಬರುತ್ತದೆ: ಸರ್ಕಾರಿ ಕಚೇರಿ, ಆಸ್ಪತ್ರೆ, ಬಸ್ಸುಗಳಲ್ಲಿ ನಗದು ನಿರಾಕರಿಸಬಾರದು, ಬೆರಳಚ್ಚು ಹೊಂದದವರಿಗೆ ಅದೇ ದಿನ ಬೇರೆ ದಾರಿಯಲ್ಲಿ ಹಣ ಕೊಡಬೇಕು. ಹೀಗೆ ವಾಪಸು ಬಂದವರು ನಿಮ್ಮ ಓಣಿಯಲ್ಲಿದ್ದರೆ ಊಟಕ್ಕೆ ಏಳುವ ಮುಂಚೆ ಬಾಗಿಲ ಬಳಿಯ ಮೇಜಿನಲ್ಲಿ ಬರೆಸಿ. ಠರಾವಿನ ಜತೆ ಆ ಪಟ್ಟಿಯನ್ನೂ ಜಿಲ್ಲಾಧಿಕಾರಿಗಳ ಕೈಗೆ ಕೊಡೋಣ.