ಕೆಳಗಿನ ಕೆರೆಯ ಋಣ

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಿಸರ್ಗದೊಡನೆ ನಮಗಿರುವ ನೈತಿಕ ಸಂಬಂಧದ ಬಗ್ಗೆ ಮಾತನಾಡಬೇಕೆಂದು ಸೂಚಿಸಿದ್ದೀರಿ. ಕಾಡಿನ ನಡುವೆ ಬಾಳುವ ನಿಮ್ಮ ಮುಂದೆ ನಾನು ಬೆಂಗಳೂರಿನ ಅಂಚಿನ ಕೆರೆಗಳ ಉದಾಹರಣೆಯನ್ನು ಇಡಬಯಸುತ್ತೇನೆ. ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಮಲೆನಾಡು ಬೀದಿಗಿಳಿಯಿತು. ನೀರು ಕೇಳುವ ಊರು ತನ್ನ ನೀರನ್ನು ಹೇಗೆ ನಡೆಸಿಕೊಂಡಿತೆಂದು ಕೇಳುವ ಹಕ್ಕು ನಿಮಗಿದೆ.

ಬೆಂಗಳೂರಿನಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಆದ್ದರಿಂದಲೇ ಹಿಂದಿನವರು ಸರಣಿಯಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಕೋಡಿಯೆಂಬುದು ಬರಿಯ ಕಲ್ಲುಕಟ್ಟಡವಲ್ಲ. ‘ನಿನ್ನ ಅಗತ್ಯ ತೀರಿದ ಮೇಲೆ ಉಳಿದದ್ದು ಕೆಳಗಿನವನದು’ ಎಂಬ ಒಪ್ಪಂದ ಅದರಲ್ಲಿತ್ತು. ಆ ವ್ಯವಸ್ಥೆ ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ತೂಬು ತೆರೆದು ಗದ್ದೆಗೆ ನೀರು ಹಂಚುವ ನೀರುಗಂಟಿಯ ದುಡಿಮೆ ಹಲವೆಡೆ ದಲಿತರದಾಗಿತ್ತು. ಊರಬಾವಿ ಮಾತ್ರ ಅವರಿಗೆ ನಿಷಿದ್ಧವಾಗಿತ್ತು. ನೀರು ಹರಿದಷ್ಟು ದೂರ ನ್ಯಾಯ ಹರಿಯಲಿಲ್ಲ. ಆದರೂ ಕೆಳಗೊಂದು ಕೆರೆಯಿದೆ ಎಂಬ ಎಚ್ಚರವಾದರೂ ಇತ್ತು.

ಆ ಎಚ್ಚರ ಅಳಿದಾಗ ಏನಾಗುತ್ತದೆಂಬುದನ್ನು ಬೆಳ್ಳಂದೂರು ತೋರಿಸಿತು. ಸುಮಾರು 900 ಎಕರೆಯ ಈ ಕೆರೆ ನಗರದಲ್ಲೇ ದೊಡ್ಡದು. ಇದರ ನೀರು ವೈಟ್‌ಫೀಲ್ಡ್ ಕಡೆಯ ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಸೇರಿ ತಮಿಳುನಾಡಿಗೆ ಹರಿಯುತ್ತದೆ. ಬಟ್ಟೆ, ಪಾತ್ರೆ ತೊಳೆದ ಸಾಬೂನು ನೀರು, ಶೌಚದ ನೀರು ದಶಕಗಳ ಕಾಲ ಇಲ್ಲಿ ಬಂದು ನಿಂತವು. ಕೋಡಿಯಲ್ಲಿ ನೀರು ಧುಮುಕಿದಾಗ ನೊರೆ ಎದ್ದು ರಸ್ತೆಗೆ ಹಾರಿತು. 2015ರ ಮೇ, 2017ರ ಫೆಬ್ರುವರಿ, 2018ರ ಜನವರಿ ತಿಂಗಳುಗಳಲ್ಲಿ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಕೊನೆಯ ಬಾರಿ ಅದನ್ನು ಆರಿಸಲು ಸೈನಿಕರು ಬರಬೇಕಾಯಿತು. ನೊರೆಯಂತೂ ಗಡಿಯಾಚೆ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲೂ ಕಂಡಿದೆ.

ಇಲ್ಲಿ ತಪ್ಪಿತಸ್ಥರು ಯಾರು? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಕೆರೆಯ ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಲು ಆದೇಶಿಸಿತು. ಆದರೆ ಕೆರೆಗೆ ಬೀಳುತ್ತಿದ್ದುದರಲ್ಲಿ ದೊಡ್ಡ ಪಾಲು ಮನೆಗಳ ಕೊಳಚೆನೀರು. ಅಂದರೆ ಸ್ನಾನ ಮಾಡಿ ಕೆಲಸಕ್ಕೆ ಹೋದ ಲಕ್ಷಾಂತರ ಸಜ್ಜನರು. ಅವರಲ್ಲಿ ಯಾರೂ ಕೆರೆಯನ್ನು ಕೊಲ್ಲಲು ಬಯಸಿರಲಿಲ್ಲ. ‘ನನ್ನದು ಒಂದು ಬಕೆಟ್ ಮಾತ್ರ’ ಎಂಬುದು ಪ್ರತಿಯೊಬ್ಬರ ಸಮಾಧಾನ. ಆ ಸಮಾಧಾನಗಳ ಮೊತ್ತವೇ ನೊರೆ. ನಮ್ಮ ಪರಂಪರಾಗತ ನೀತಿ ಕಳ್ಳನನ್ನು, ಕೊಲೆಗಾರನನ್ನು ಗುರುತಿಸಬಲ್ಲದು. ಪಾಲುಪಾಲಾಗಿ ಹಂಚಿಹೋದ ಹಾನಿಯನ್ನು ಗುರುತಿಸಲು ಅದಿನ್ನೂ ಕಲಿಯಬೇಕಾಗಿದೆ.

ನೊರೆಯಾದರೂ ಕಣ್ಣಿಗೆ ಬಿತ್ತು. ಪಶ್ಚಿಮದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ವಿಷಕಾರಿ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ಪರೀಕ್ಷೆಗಳಲ್ಲಿ ದಾಖಲಾಗಿದೆ. ಅದಕ್ಕೆ ಬೆಂಕಿ ಹತ್ತುವುದಿಲ್ಲ, ಪತ್ರಿಕೆಗೆ ಚಿತ್ರ ಸಿಗುವುದಿಲ್ಲ. ನಮ್ಮ ನೀತಿಪ್ರಜ್ಞೆ ಕಣ್ಣಿನ ಮೇಲಷ್ಟೇ ನಿಂತಿದ್ದರೆ ಪೀಣ್ಯದ ಕೊಳವೆಬಾವಿಗೆ ನ್ಯಾಯವಿಲ್ಲ.

ಅಮೆರಿಕದ ಆಲ್ಡೊ ಲಿಯೋಪೋಲ್ಡ್ 1949ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ, ನಾವು ಹೊಣೆಗಾರರಾಗಿರಬೇಕಾದ ಸಮುದಾಯದೊಳಗೆ ಮಣ್ಣು, ನೀರು, ಗಿಡ, ಪ್ರಾಣಿಗಳೂ ಸೇರುತ್ತವೆ ಎಂದು ವಾದಿಸಿದರು. ನಮ್ಮ ಸಂವಿಧಾನವೂ 1976ರ ತಿದ್ದುಪಡಿಯಿಂದ, ಕಾಡು, ಕೆರೆ, ನದಿಗಳ ರಕ್ಷಣೆ ಮತ್ತು ಜೀವಿಗಳ ಬಗ್ಗೆ ಅನುಕಂಪವನ್ನು ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಾರುತ್ತದೆ. ನಾನು ಇದನ್ನೇ ನಮ್ಮ ಕೆರೆಯ ಮಾತಿನಲ್ಲಿ ಹೇಳುತ್ತೇನೆ: ನಮಗೆ ಎದುರು ಮಾತನಾಡಲಾರದವರೆಲ್ಲ ನಮಗೆ ‘ಕೆಳಗಿನ ಕೆರೆ’ಯವರು. ಕೆಳಊರಿನ ರೈತ, ಮೀನು, ಇನ್ನೂ ಹುಟ್ಟದ ಮಗು, ಇವರೆಲ್ಲರೂ. ಒಂದು ಕೆಲಸ ಸರಿಯೇ ತಪ್ಪೇ ಎಂದು ತೂಗುವಾಗ ಅವರನ್ನು ತಕ್ಕಡಿಯಿಂದ ಕೆಳಗಿಳಿಸಬಾರದು.

ಈ ತಕ್ಕಡಿಯಲ್ಲಿ ನಾವೂ ಕೂರಬೇಕು. ‘ಶರಾವತಿ ನಮ್ಮದು, ಕೊಡುವುದಿಲ್ಲ’ ಎಂದಷ್ಟೇ ಹೇಳಿದರೆ ನಗರದ ತರ್ಕವನ್ನೇ ನಾವೂ ಆಡಿದಂತೆ. ಆ ನೀರಿನ ಮೇಲೆ ಹೊನ್ನಾವರದ ಅಳಿವೆಯ ಮೀನುಗಾರನಿಗೂ ಹಕ್ಕಿದೆ, ಕಣಿವೆಯ ಕಾಡಿಗೂ ಹಕ್ಕಿದೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆ ಟ್ಯಾಂಕರ್‌ಗಾಗಿ ಕಾದ ಕೂಲಿ ಕಾರ್ಮಿಕರ ಬಾಯಾರಿಕೆಯೂ ಸುಳ್ಳಲ್ಲ. ಆದ್ದರಿಂದ ನಮ್ಮ ಉತ್ತರ ಹೀಗಿರಲಿ: ಮೊದಲು ನಿಮ್ಮ ಕೆರೆಗಳ ಋಣ ತೀರಿಸಿ, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸಿ, ಮಳೆನೀರು ಹಿಡಿಯಿರಿ, ದೂರದ ನದಿಯ ಮಾತು ಆಮೇಲೆ.

ಹೀಗೆ ಹೇಳುವ ಅರ್ಹತೆ ನಮಗೂ ಬೇಕಲ್ಲವೇ? ಕೊಯ್ಲಿನ ಕಾಲದಲ್ಲಿ ಕಾಫಿ ಪಲ್ಪಿಂಗಿನ ಹುಳಿನೀರನ್ನು ಹಳ್ಳಕ್ಕೆ ಬಿಡುವಾಗ, ತೋಟಕ್ಕೆ ಹೊಡೆದ ಔಷಧಿಯ ಡಬ್ಬಿಯನ್ನು ಹೊಳೆಯಲ್ಲಿ ತೊಳೆಯುವಾಗ, ‘ನನ್ನದು ಒಂದು ತೋಟ ಮಾತ್ರ’ ಎಂಬ ಸಮಾಧಾನವೇ ನಮ್ಮಲ್ಲೂ ಕೆಲಸ ಮಾಡುತ್ತದೆ. ಬೆಳ್ಳಂದೂರು ಆರಂಭವಾದದ್ದು ಅಂಥ ಸಮಾಧಾನದಿಂದಲೇ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿಗೆ ನೀರು ಎಲ್ಲಿಂದ ಬರುತ್ತದೆಂದು ನಿಮಗೆ ಗೊತ್ತಿದೆ. ಅದು ಊರು ಬಿಟ್ಟು ಹೊರಡುವ ಜಾಗಕ್ಕೆ ಈ ವಾರ ಹೋಗಿ, ನೀರು ಹೇಗಿದೆಯೆಂದು ನೋಡಿ, ಬರೆದಿಡಿ. ಮಳೆಗಾಲ, ಬೇಸಿಗೆ ಎರಡರಲ್ಲೂ ಬರೆಯಿರಿ. ಆ ಪುಸ್ತಕವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ. ಕೆಳಗಿನ ಊರಿನವರನ್ನೂ ಆ ಸಭೆಗೆ ಕರೆಯಿರಿ.