ಜೂಜು ಮತ್ತು ನಮ್ಮ ವಿದ್ಯಾರ್ಥಿಗಳು



‘ಕಲ್ಯಾಣ ಮಟ್ಕಾ’ ಎಂಬ ಹೆಸರು ನಮ್ಮೀ ಊರಿನಿಂದ ಬಂದುದಲ್ಲ. 1962ರಲ್ಲಿ ವರ್ಲಿ ಮಟ್ಕಾ ಆರಂಭಿಸಿದ ಕಲ್ಯಾಣಜಿ ಭಗತ್ ಎಂಬವರಿಂದ ಬಂದುದು. ನ್ಯೂಯಾರ್ಕಿನ ಹತ್ತಿಧಾರಣೆಯ ಮೇಲಿನ ಪಣವೇ ಅದರ ಮೂಲ. ಅದರ ಓಪನ್-ಕ್ಲೋಸ್ ನಮ್ಮ ನಾಡಿನಲ್ಲಿ ‘ಓಸಿ’ಯಾಗಿ ಹಬ್ಬಿತು. ಅಂದು ಚೀಟಿ ಬರೆಸಲು ಗಲ್ಲಿಗೆ ಹೋದವನನ್ನು ನೆರೆಯವರಾದರೂ ಕಾಣುತ್ತಿದ್ದರು. ಇಂದು ಲೋಕಲ್ ಗಾಡಿಯಲ್ಲಿ ಕಾಲೇಜಿಗೆ ಹೊರಟ ಹುಡುಗನ ಅಂಗೈಯ ಮೊಬೈಲೇ ಅಡ್ಡೆ; ಪಕ್ಕದಲ್ಲಿ ಕುಳಿತವನಿಗೂ ಅದು ತಿಳಿಯದು.

2025ರ ಆಗಸ್ಟಿನಲ್ಲಿ ಸಂಸತ್ತು ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ 1887ರ ಜೂಜು ಪ್ರತಿಬಂಧಕ ಕಾಯಿದೆ ಇದ್ದಾಗಲೇ ಮುಂಬಯಿಯಲ್ಲಿ ಮಟ್ಕಾ ಬೆಳೆಯಿತೆಂಬುದನ್ನು ನಾವು ಮರೆಯಲಾಗದು.

ವಿದ್ಯೆಗೆ ಹಾನಿ ಹೇಗೆ? ಸೋತುದನ್ನು ಮರಳಿ ಗೆಲ್ಲುವ ಹಟವು ರಾತ್ರಿಯ ನಿದ್ದೆಯನ್ನೂ ಬೆಳಗಿನ ತರಗತಿಯನ್ನೂ ಕಡೆಗೆ ಪರೀಕ್ಷಾ ಶುಲ್ಕವನ್ನೂ ನುಂಗುತ್ತದೆ. ಧರ್ಮರಾಯನು ಕೆಟ್ಟದ್ದು ಅರಿವಿಲ್ಲದೆ ಅಲ್ಲ, ಹಾಸಿನಿಂದ ಏಳಲಾರದೆ. ಅಂಕಪಟ್ಟಿ ನಮಗೆ ಇದನ್ನು ತಿಳಿಸುವ ವೇಳೆಗೆ ಬಹಳ ತಡವಾಗಿರುತ್ತದೆ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಕಾಲೇಜಿನ ಶುಲ್ಕವನ್ನು ನೀವೇ ಕಟ್ಟಿರಿ. ಮಗನು ಸಾಲದ ಮಾತೆತ್ತಿದ ದಿನ ಮೊದಲು ಪೂರ್ತಿ ಕೇಳಿರಿ, ಮಾನದ ಮಾತು ಆಮೇಲಿರಲಿ. ಸಾಲ ತೀರಿಸಿ ಸುಮ್ಮನಾಗಲೂ ಬೇಡಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿದೆ. ಸಂಘವು ಪ್ರತಿಭಾ ಪುರಸ್ಕಾರ ನೀಡುವಂತೆಯೇ ಎಡವಿದ ಮಕ್ಕಳಿಗೂ ಕೈನೀಡಲಿ.