ಮೂರು ಗಂಟೆಯ ಆಟ, ಮತ್ತು ನಮ್ಮ ಮಾವ

ಮೊದಲೇ ಹೇಳಿಬಿಡ್ತೀನಿ, ನಾನು ಯಕ್ಷಗಾನ ಕಲಾವಿದನಲ್ಲ, ವಿದ್ವಾಂಸನೂ ಅಲ್ಲ. ಐರೋಲಿಯಲ್ಲಿ ಕೋಡ್ ಬರೆಯೋ ಕೆಲಸ. ಆದರೆ ಮೂರು ವರ್ಷದಿಂದ ಮುಂಬಯಿಯಲ್ಲಿ ಯಕ್ಷಗಾನ ಮಾಡಿಸೋ ಒಂದು ಸಣ್ಣ ಗುಂಪಿನಲ್ಲಿ ಸ್ವಯಂಸೇವಕ. ಕುರ್ಚಿ ಜೋಡಿಸೋದು, ವಾಟ್ಸಾಪ್‌ನಲ್ಲಿ ಪೋಸ್ಟರ್ ಹಂಚೋದು, ಕಲಾವಿದರಿಗೆ ಚಹಾ ಕೊಡೋದು.

ಮೊದಲ ವರ್ಷ ನಮ್ಮ ಸೋದರಮಾವನಿಗೆ ಮುಂದಿನ ಸಾಲಲ್ಲೇ ಜಾಗ ಹಿಡಿದಿದ್ದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲಲ್ಲಿ ಟೇಬಲ್ ಒರೆಸಿದವರು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು, ಈಗ ಡೊಂಬಿವಿಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಸಂಜೆ 6ಕ್ಕೆ ಶುರುವಾದ ಆಟ 9ಕ್ಕೆ ಮುಗೀತು. ಹೊರಗೆ ಬಂದು "ಮಾವ, ಹೇಗಾಯ್ತು?" ಅಂತ ಕೇಳಿದೆ.

"ಹ್ವಾಯ್, ಇದ್ ಆಟ ಅಲ್ಲ ಮಾರಾಯಾ. ಆಟದ್ ಟ್ರೈಲರ್."

ಮುಂದಿನ ವರ್ಷ ಅವರು ಬರಲೇ ಇಲ್ಲ. ಮಂಡಿನೋವು ಅಂದರು. ಅದೇ ವಾರ ಅದೇ ಮಂಡಿಯಲ್ಲಿ ಟಿಟ್ವಾಲಾ ಗಣಪತಿಗೆ ಹೋಗಿ ಬಂದಿದ್ದರು. (ನಗು)

ನನಗೆ ಸಿಟ್ಟು ಬಂತು. ನಾವು ಇಷ್ಟು ಕಷ್ಟಪಟ್ಟು ಮಾಡಿಸ್ತೀವಿ, ಈ ಹಿರಿಯರಿಗೆ ಯಾವುದೂ ಸರಿ ಬರಲ್ಲ ಅಂತ. ನಿಮ್ಮಲ್ಲೂ ಹಲವರಿಗೆ ಈ ಅನುಭವ ಇರಬಹುದು. ಇವತ್ತು ಆ ಸಿಟ್ಟಿನ ಬಗ್ಗೆ, ಅದು ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ನನಗೆ ಗೊತ್ತಾದದ್ದನ್ನ ಹೇಳ್ತೀನಿ.

ಮೊದಲು ಸಮಯದ ಲೆಕ್ಕ. ಹಿಂದೆ ಮುಂಬಯಿಯಲ್ಲಿ ಆಟ ಯಾಕೆ ಬೆಳಗಿನ ತನಕ ನಡೀತಿತ್ತು? ಊರಿನ ಸಂಪ್ರದಾಯ ಅನ್ನೋದು ಒಂದು ಕಾರಣ. ಮಾವ ಇನ್ನೊಂದು ಹೇಳಿದರು. ಹೋಟೆಲ್ ಬಾಗಿಲು ಹಾಕಿ, ಪಾತ್ರೆ ತೊಳೆದು ಹೊರಬೀಳುವಾಗಲೇ ರಾತ್ರಿ ಹನ್ನೊಂದು. ಕೊನೆಯ ಲೋಕಲ್ ಸುಮಾರು ಒಂದು ಗಂಟೆಗೆ, ಮೊದಲ ಲೋಕಲ್ ಬೆಳಗಿನ ನಾಲ್ಕರ ಮೇಲೆ. ಮಧ್ಯದಲ್ಲಿ ಎಲ್ಲಿಗೆ ಹೋಗ್ತೀರಿ? ಮಲಗೋದಕ್ಕೆ ಹೋಟೆಲಿನ ಬೆಂಚು ಬಿಟ್ಟರೆ ಜಾಗ ಇಲ್ಲ. ಬೆಳಗಿನ ತನಕ ಆಟ ಇದ್ದರೆ ಅವತ್ತು ರಾತ್ರಿಯ ಮಟ್ಟಿಗೆ ಅದೇ ಮನೆ. ಮಂಗಳ ಹಾಡಿದ ಮೇಲೆ ನೇರ ಹೋಟೆಲಿಗೆ, ಇಡ್ಲಿ ಬೇಯಿಸೋಕೆ.

ನಮ್ಮ ಬದುಕು ಬೇರೆ. ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇದೆ. ಪೊವಾಯಿಯಿಂದ, ಥಾಣೆಯಿಂದ ಮಕ್ಕಳನ್ನ ಕರ್ಕೊಂಡು ಬಂದವರು ಹತ್ತೂವರೆಗೆ ಮನೆ ಸೇರಬೇಕು. ಬಯಲಲ್ಲಿ ಮಾಡ್ತೀವಿ ಅಂದರೆ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಭಾಗೃಹಕ್ಕೆ ಗಂಟೆ ಲೆಕ್ಕದ ಬಾಡಿಗೆ. ಹಾಗಾಗಿ ಕಾಲಮಿತಿ ಅನ್ನೋದು ಯಾರೋ ಕಲೆಯನ್ನ ಕೆಡಿಸೋಕೆ ತಂದದ್ದಲ್ಲ. ಹೋಟೆಲಿನ ಗಂಟೆಗೆ ಹೊಂದಿಕೊಂಡಿದ್ದ ಆಟ ಈಗ ಆಫೀಸಿನ ಗಂಟೆಗೆ ಹೊಂದಿಕೊಂಡಿದೆ. ಅಷ್ಟೇ.

ಮಾವನ ಎರಡನೇ ದೂರು ಚಂಡೆಯದ್ದು. "ಚಂಡೆ ಪೆಟ್ಟ್ ಕೆಮಿಗ್ ಬಿತ್ತ್, ಎದಿಗ್ ಬೀಳ್ಲಿಲ್ಲ" ಅಂದಿದ್ದರು. ಇದನ್ನ ನಾನು ಪೂರ್ತಿ ಒಪ್ತೀನಿ. ಚಂಡೆ ಗದ್ದೆಬಯಲಿನ ವಾದ್ಯ. ಆಟಕ್ಕೆ ಮುಂಚೆ ಬಾರಿಸಿದರೆ ಪಕ್ಕದ ಊರಿಗೂ ಸುದ್ದಿ ಮುಟ್ಟಬೇಕು, ಅದಕ್ಕೇ ಆ ಗಟ್ಟಿತನ. ನಾವು ಅದನ್ನ ಮುಚ್ಚಿದ ಎ.ಸಿ. ಹಾಲಿಗೆ ತಂದು, ಮುಂದೆ ಮೈಕನ್ನೂ ಇಡ್ತೀವಿ. ಮದ್ದಲೆಯ ಬೆರಳಿನ ಕೆಲಸ ಅದರಡಿ ಮುಚ್ಚಿಹೋಗುತ್ತೆ. ಹಿಮ್ಮೇಳ ಅಂದರೆ ಏನು ಅಂತಲೇ ಗೊತ್ತಿಲ್ಲದ ಸೌಂಡ್‌ನವರು ಎಲ್ಲ ಗುಂಡಿಯನ್ನೂ ಮೇಲಕ್ಕೆ ತಳ್ಳಿರ್ತಾರೆ. ಆ ವರ್ಷ ಅದನ್ನ ನೋಡಿಕೊಳ್ಳಬೇಕಿದ್ದವನು ನಾನೇ. ನಾನು ಚಹಾ ಹಂಚ್ತಾ ಇದ್ದೆ.

ಆದರೆ ಮೈಕ್ ಬೈಯುವ ಮಾವನ ಆರಾಧ್ಯದೈವ ಯಾರು? ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ, 1990ರಲ್ಲಿ ಮೂವತ್ತೆರಡು ತುಂಬುವ ಮುಂಚೆಯೇ ರಸ್ತೆ ಅಪಘಾತದಲ್ಲಿ ಹೋದ ಭಾಗವತರು. ಹೋಟೆಲ್ ಹುಡುಗರು ಅವರ ಕ್ಯಾಸೆಟ್ ಹಾಕ್ಕೊಂಡು ಈರುಳ್ಳಿ ಹೆಚ್ಚುತ್ತಿದ್ದರಂತೆ. ಹಳೆಯ ಭಾಗವತರು ಮೈಕ್ ಇಲ್ಲದೆ ಕೊನೆಯ ಸಾಲಿನ ತನಕ ಕೇಳಿಸಬೇಕಿತ್ತು, ಅದಕ್ಕೆ ಏರುಶ್ರುತಿ, ಗಟ್ಟಿ ಗಂಟಲು. ಹೊಸ ರಾಗ ತಂದು, ಸ್ವರ ಎಳೆದು, ಮೆಲ್ಲಗೆ ಇಳಿಸಿ ಹಾಡೋ ನಾವಡರ ದಾರಿಗೆ ಮೈಕ್ ಬೇಕೇ ಬೇಕಿತ್ತು. ಸಂಪ್ರದಾಯ ಕೆಡ್ತಿದೆ ಅನ್ನೋ ಮಾತು ಆಗಲೂ ಇತ್ತು. ಅದಕ್ಕೂ ಹಿಂದೆ, 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರೇ ತಮ್ಮ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೋಫೋನ್ ತಂದರು, ಆಟವನ್ನ ಚಿಕ್ಕದೂ ಮಾಡಿದರು.

ಇದನ್ನ ಮಾವನಿಗೆ ಹೇಳಿದೆ, ಗೆದ್ದೆ ಅಂತ ಅಂದ್ಕೊಂಡು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೆಲ್ಲ ಸಮ. ನಿಮ್ಮ ಆಟದಾಗೆ ಕೋಡಂಗಿ ಎಲ್ಲಿ?" ಅಂದರು.

ಕೋಡಂಗಿ ಅಂದರೆ ಗೊತ್ತಿಲ್ಲದವರಿಗೆ: ರಾತ್ರಿಯಿಡೀ ಆಟದಲ್ಲಿ ಮುಖ್ಯ ಕಥೆಗೆ ಮುಂಚೆ ಪೂರ್ವರಂಗ ಇರುತ್ತೆ. ಕೋಡಂಗಿಗಳು ಬರ್ತಾರೆ, ಬಾಲಗೋಪಾಲರು ಬರ್ತಾರೆ, ಸ್ತ್ರೀವೇಷ ಬರುತ್ತೆ. ನಾವು ಸಮಯ ಉಳಿಸೋಕೆ ಮೊದಲು ಕತ್ತರಿಸೋದೇ ಇದನ್ನ. ಕಥೆ ಇಲ್ಲವಲ್ಲ, ಯಾರಿಗೆ ಬೇಕು ಅಂತ.

ಅದು ಇದ್ದದ್ದು ಹೊಸಬರಿಗಾಗಿ. ಮೇಳ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಸಣ್ಣಪುಟ್ಟ ವೇಷ. ಜನ ಇನ್ನೂ ಬಂದು ಕೂರುತ್ತಿರುವಾಗ, ಚರುಮುರಿ ತಿನ್ನುತ್ತಿರುವಾಗ ಅವನು ರಂಗದ ಮೇಲೆ ಹೆಜ್ಜೆ ತಪ್ಪಿಸಿ, ತಾಳ ತಪ್ಪಿಸಿ ಕಲೀತಿದ್ದ. ದೊಡ್ಡ ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚುತ್ತಿದ್ದ ಹೊತ್ತು ಅದು. ಮದ್ದಲೆ, ಚಂಡೆಗೂ ಹಾಗೇ, ಸಂಜೆಯ ಭಾಗಕ್ಕೆ ಎಳೆಯರ ಕೈ, ನಡುರಾತ್ರಿಯ ಮೇಲೆ ಪಳಗಿದ ಕೈ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫ್ರೆಶರ್‌ಗಳಿಗೆ ತಪ್ಪು ಮಾಡೋಕೆ ಇದ್ದ ಜಾಗ. ಮೂರು ಗಂಟೆಯ ಆಟದಲ್ಲಿ ನಾವು ಹೆಸರಾಂತ ಕಲಾವಿದರನ್ನಷ್ಟೇ ಕರೀತೀವಿ, ಯಾಕಂದರೆ ಒಂದು ನಿಮಿಷವೂ ಹಾಳಾಗಬಾರದು. ಹಾಗಾದರೆ ಮುಂದಿನವರು ಎಲ್ಲಿ ತಯಾರಾಗಬೇಕು?

ನಾನು ಎಂಟೆಕ್ ಮಾಡಿದವನು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಹಳೇ ಅಭಿಮಾನಿಗಳ ಎಲ್ಲ ದೂರೂ ಸರಿ ಅಂತ ನಾನು ಹೇಳ್ತಿಲ್ಲ. ಇಪ್ಪತ್ತನೇ ವಯಸ್ಸಲ್ಲಿ ಕೇಳಿದ್ದೇ ಶುದ್ಧ, ಆಮೇಲೆ ಬಂದದ್ದೆಲ್ಲ ಕಲಬೆರಕೆ ಅನ್ನೋದು ಎಲ್ಲರಿಗೂ ಇರೋ ಕಾಯಿಲೆ, ನಮಗೂ ಬರುತ್ತೆ. ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಭಾಗವತಿಕೆ ಮಾಡಿದ್ದು ಬದಲಾವಣೆಯೇ, ಅದು ಬೇಡ ಅಂತ ಇವತ್ತು ಯಾರು ಹೇಳ್ತಾರೆ? ಆದರೆ ಹಿರಿಯರು ಗೊಣಗಿದಾಗ, ಅವರು ಕಳ್ಕೊಂಡದ್ದು ಬರೀ ನೆನಪೋ, ಅಥವಾ ಕೆಲಸಕ್ಕೆ ಬರ್ತಿದ್ದ ಒಂದು ಭಾಗವೋ ಅಂತ ಕೇಳಬೇಕು. ನಾವು ಹಳೇ ಕೋಡಿನಲ್ಲಿ ಯಾವುದೋ ನಾಲ್ಕು ಸಾಲು ಅಳಿಸುವ ಮುಂಚೆ ಅದು ಯಾಕೆ ಇದೆ ಅಂತ ನೋಡ್ತೀವಲ್ಲ, ಹಾಗೆ.

ಈ ವರ್ಷ ಏನು ಮಾಡಿದ್ವಿ? ಪತ್ತನಾಜೆ ಮುಗಿದು ಊರಿನ ಮೇಳಗಳಿಗೆ ರಜೆ ಬಿದ್ದ ಮೇಲೆ, ಮಳೆಗಾಲದಲ್ಲಿ, ಕಲಾವಿದರು ಮುಂಬಯಿಗೆ ಬಂದರು. ಆಟವನ್ನ 5ಕ್ಕೇ ಶುರು ಮಾಡಿದ್ವಿ. ಮೊದಲ ನಲವತ್ತು ನಿಮಿಷ ಪೂರ್ವರಂಗ, ಅದೂ ಇಲ್ಲೇ ಭಾನುವಾರ ತರಗತಿಗೆ ಬರೋ ಮಕ್ಕಳಿಂದ. ಕೆಲವರಿಗೆ ಕನ್ನಡ ಓದೋಕೆ ಬರಲ್ಲ, ದೇವನಾಗರಿಯಲ್ಲಿ ಪದ್ಯ ಬರ್ಕೊಂಡು ಕಲಿತವರು. ಚಂಡೆಯ ಮೈಕ್ ತೆಗೆಸಿದ್ವಿ.

ಮಾವ ಬಂದಿದ್ದರು. ಒಬ್ಬ ಹುಡುಗ ಹೆಜ್ಜೆ ತಪ್ಪಿಸಿ ಪಕ್ಕದವನಿಗೆ ಡಿಕ್ಕಿ ಹೊಡೆದ, ಇಬ್ಬರೂ ಬಿದ್ದರು. ಸಭೆಯೆಲ್ಲ ನಕ್ಕಿತು. ಮಾವ ಮಾತ್ರ ನಗಲಿಲ್ಲ, ಕೂತಲ್ಲೇ ತೊಡೆ ಮೇಲೆ ತಾಳ ಹಾಕ್ತಾ ಅವನು ಎದ್ದು ಮತ್ತೆ ತಾಳ ಹಿಡಿಯೋ ತನಕ ನೋಡ್ತಿದ್ದರು.

ಆಟ ಮುಗಿದ ಮೇಲೆ ದಾದರ್ ಸ್ಟೇಷನ್ ತನಕ ಬಿಡೋಕೆ ಹೋದೆ. ಈ ಸಲ ಹೇಗಾಯ್ತು ಅಂತ ಕೇಳಲಿಲ್ಲ, ಧೈರ್ಯ ಬರಲಿಲ್ಲ. ಲೋಕಲ್ ಬಂತು. ಹತ್ತುವಾಗ ಅವರೇ ತಿರುಗಿ, "ಆ ಬಿದ್ದ ಹುಡುಗನ್ನ ಬಿಡ್ಬೇಡಿ. ಬಪ್ಪ ವರ್ಷವೂ ಅವನಿಗೇ ಕೊಡಿ" ಅಂದರು.

ಅವನ ಹೆಸರನ್ನ ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲು ಬರ್ಕೊಂಡಿದ್ದೀನಿ.